ಒಂದೇ ಜಾಯಿಂಟಿನ ಗಾಡಿ

ಎಂಜಿನ್ ನಾಲ್ಕು ಬೆರಳು ಎಡಕ್ಕೆ ಸರಿದು ಕೂತದ್ದೇ ಎಲ್ಲಕ್ಕೂ ಮೂಲ. ಸ್ಟೇರಿಂಗಿನ ರಾಡು ನೆಟ್ಟಗೆ ಇಳಿದು, ಕೆಳಗೆ ಚಕ್ರ ಹೊರಳಿಸುವ ಬಾಕ್ಸಿಗೆ ಸೇರಬೇಕು. ನಡುವೆ ಎಂಜಿನ್ನು ಜಮಖಾನೆಯ ಮೇಲಿನ ಬೀಗರಂತೆ ಅಡ್ಡ ಕೂತಿತ್ತು.

ರಾಯಬಾಗದ ಶಾಂತಿನಾಥ ಕಬ್ಬಿನ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡಿ ಮಾಡಿ ಬೆನ್ನು ಬಗ್ಗಿಸಿಕೊಂಡವನು. ಆರು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಹಳೆಯ ಜೀಪಿನ ಚಾಸಿಗೆ ಟೆಂಪೋದ ಎಂಜಿನ್ ಕೂಡಿಸಿ, ದನದ ಕೊಟ್ಟಿಗೆಯಲ್ಲಿ ಒಂದು ಕಾರು ಕಟ್ಟಿದ್ದ. ಊರವರ ಗಾಡಿಗೆ ತೇಪೆ ಹಾಕಿದ ಕೈ ಒಮ್ಮೆಯಾದರೂ ತನ್ನದೇ ಸ್ಟೇರಿಂಗ್ ಹಿಡಿಯಬೇಕು, ಇಷ್ಟೇ ಆಸೆ.

"ಸಂಜೀಕ ಚಿಂಚಲಿಯಿಂದ ಎಮ್ಮಿ ತರಬೇಕ್ರಿ, ಕೊಟ್ಟಿಗಿ ಖಾಲಿ ಆಗಬೇಕು," ಎಂದಳು ಹೆಂಡತಿ ಜಿನಮತಿ, ಚಪಾತಿ ಹಿಟ್ಟು ನಾದುತ್ತ. "ಅಷ್ಟರಾಗ ನಿಮ್ಮ ಗಾಡಿ ತಾನ ನಡದು ಹೊರಗ ಬಂದ್ರ ಸರಿ. ಇಲ್ಲಂದ್ರ ಗುಜರಿಗೆ."

ರಾಡಿನ ತುದಿಗೆ ಸಣ್ಣ ಹಲ್ಲುಗಳು. ಎಂಜಿನ್ ಬಳಸಿ ರಾಡು ಬಾಗಿ ಹೋಗಲು ನಡುವೆ ಜಾಯಿಂಟು ಬೇಕು, ಅದರ ಬಾಯೊಳಗೂ ಅಷ್ಟೇ ಹಲ್ಲಿರಬೇಕು. ಪಕ್ಕದ ಮನೆಯ ಬಾಬಾಸಾಹೇಬ, ನಿವೃತ್ತ ಬಸ್ ಡ್ರೈವರ್, ಕನ್ನಡಕ ಏರಿಸಿ ಎಣಿಸಿ ಮೂವತ್ತೈದು ಎಂದ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಭರಮು ಮರಾಠಿಯಲ್ಲಿ ಎಣಿಸಿ ಮೂವತ್ತೇಳು ಎಂದ. ಶಾಂತಿನಾಥನಿಗೆ ಎಣಿಸುವ ತ್ರಾಣವೇ ಇರಲಿಲ್ಲ. ನಾದಿದ ಹಿಟ್ಟಿನ ಉಂಡೆಗೆ ರಾಡಿನ ತುದಿ ಒತ್ತಿ, ಅಚ್ಚು ತೆಗೆದು, ಟಿಫಿನ್ ಡಬ್ಬಿಯಲ್ಲಿಟ್ಟು ಚಿಕ್ಕೋಡಿಯ ಬಸ್ ಹತ್ತಿದ.

ಗುಜರಿ ಅಂಗಡಿಯಲ್ಲಿ ಡಬ್ಬಿ ತೆರೆದರೆ ಹಿಟ್ಟು ಬಸ್ಸಿನ ಕಾವಿಗೆ ಬೆವೆತು, ಹಲ್ಲುದುರಿದ ಅಜ್ಜಿಯ ಬಾಯಾಗಿತ್ತು.

"ಕಾಕಾ, ಜಾಯಿಂಟ್ ತಗೋಳಾಕ ಬಂದೀರೋ, ಚಪಾತಿ ಲಟ್ಟಸಾಕ ಬಂದೀರೋ?" ಎಂದ ಅಂಗಡಿಯ ಅಜರುದ್ದೀನ. ಆದರೂ ಎಂಜಿನ್ ಅಡ್ಡ ಕೂತ ಕಥೆ ಕೇಳಿ, ಅಂದಾಜಿನ ಮೇಲೆ ಎರಡು ಜಾಯಿಂಟು ಆರಿಸಿ ಕೊಟ್ಟ. "ಬಾಗು ಭಾಳ ಐತ್ರಿ. ಎರಡೂ ಬೇಕ. ಒಂದರಾಗ ಮುಗಸಾಕ ಹೋಗಬ್ಯಾಡ್ರಿ, ನಡುವ ಹಿಡಕೋತೈತಿ."

ಊರಿಗೆ ಬಂದಾಗ ನಾಲ್ಕು ಗಂಟೆ. ಒಂದು ಜಾಯಿಂಟು ಕೂತಿತು. ಇನ್ನೊಂದರ ಹಲ್ಲು ಕಚ್ಚಲೇ ಇಲ್ಲ. ಒಂದರಲ್ಲೇ ನೋಡೋಣವೆಂದರೆ ಸ್ಟೇರಿಂಗ್ ಅರ್ಧ ಸುತ್ತು ತಿರುಗಿ, ಬಾಗಿಲಲ್ಲಿ ಸಿಕ್ಕ ಹೋರಿಯಂತೆ ನಿಂತಿತು.

"ಲೇ ಶಾಂತ್ಯಾ, ಮೂವತ್ತ ವರ್ಷ ಬಸ್ ಹೊಡದಾಂವ ಹೇಳತೀನಿ," ಎಂದ ಬಾಬಾಸಾಹೇಬ. "ಕೆಳಗಿನ ಬಾಕ್ಸ್ ಉಲ್ಟಾ ಮಾಡಿ ಕುಂಡ್ರಸು. ಅದರ ಮಾರಿ ರಾಡಿನ ಕಡೆ ಆಕ್ಕೈತಿ. ಒಂದ ಜಾಯಿಂಟ್ ಸಾಕು."

"ಉಲ್ಟಾ ಮಾಡಿದ್ರ ನಡೀತೈತೇನ್ರಿ ಕಾಕಾ?"

"ಕಬ್ಬಣಕ್ಕ ಮ್ಯಾಲ್ಯಾವದು, ಕೆಳಗ್ಯಾವದು?"

ವಾದ ಮಾಡಲು ಸೊಂಟ ಒಪ್ಪಲಿಲ್ಲ. ಬಾಕ್ಸು ಮಗುಚಿ ಕೂತಿತು. ಸ್ಟೇರಿಂಗ್ ಬೆಣ್ಣೆಯಂತೆ ತಿರುಗಿತು. ಶಾಂತಿನಾಥನ ಕಣ್ಣು ತೇವವಾಯಿತು.

ಗಾಡಿ ಗುಡುಗಿ ಕೊಟ್ಟಿಗೆಯಿಂದ ಹೊರಬಂತು. ಓಣಿಗೆ ಹೋಗಲು ಅವನು ಸ್ಟೇರಿಂಗ್ ಎಡಕ್ಕೆ ತಿರುಗಿಸಿದ. ಗಾಡಿ ಬಲಕ್ಕೆ ಹೊರಟಿತು! ಗಾಬರಿಯಾಗಿ ಇನ್ನೂ ಜೋರಾಗಿ ಎಡಕ್ಕೆ ಎಳೆದ. ಅದು ಇನ್ನೂ ಜೋರಾಗಿ ಬಲಕ್ಕೆ ನುಗ್ಗಿ ಸಗಣಿ ಕುಳ್ಳಿನ ರಾಶಿಯೊಳಗೆ ತಲೆ ಹುದುಗಿಸಿತು.

ಜಿನಮತಿ ಸೀರೆಯ ಮೇಲಿನ ಕುಳ್ಳಿನ ಪುಡಿ ಝಾಡಿಸಿದಳು. "ಗುಜರ್ಯಾಂವಗ ಫೋನ್ ಹಚ್ಚರಿ."

"ತಡೀರಿ ವೈನಿ. ಅಣ್ಣಾ, ನೀವು ಇಳೀರಿ," ಎಂದು ಭರಮು ಹತ್ತಿ ಕೂತ. ಗಾಡಿಯನ್ನು ಹಿಂದೆ ತೆಗೆದ, ಓಣಿ ಸುತ್ತಿಸಿದ, ಹೂವಿನಂತೆ ಬಾಗಿಲಿಗೆ ತಂದು ನಿಲ್ಲಿಸಿದ. ಎಲ್ಲರ ಬಾಯಿ ತೆರೆದೇ ಇತ್ತು.

"ಇಪ್ಪತ್ತ ವರ್ಷ ಕಾರಖಾನ್ಯಾಗ ಟ್ರಾಲಿ ಹಿಂದಕ್ಕ ತಗದೀನ್ರಿ. ಟ್ರಾಲಿ ಎಡಕ್ಕ ಹೋಗಬೇಕಂದ್ರ ಸ್ಟೇರಿಂಗ್ ಬಲಕ್ಕ. ಇದು ನನ್ನ ಕೈಗಂತನ ಮಾಡಿಸಿದಂಗ ಐತಿ!"

"ನಾಳೆ ಬಾಕ್ಸ್ ಸರಿ ಮಾಡತೀನಿ," ಎಂದ ಶಾಂತಿನಾಥ, ಮೆತ್ತಗೆ.

"ಕೈ ಹಚ್ಚೀರಿ ನೋಡ್ರಿ!" ಎಂದಳು ಜಿನಮತಿ. " ಆರು ವರ್ಷಕ್ಕ ಒಂದ ಸಲ ನಡದೈತಿ. ಇನ್ನ ಮ್ಯಾಲ ಭರಮುನ ಹೊಡೀಲಿ."

ಚಿಂಚಲಿಗೆ ಹೋಗುವಾಗ ಮುಂದೆ ಭರಮು, ಜಿನಮತಿ. ಹಿಂದೆ ಬಾಬಾಸಾಹೇಬ, ಮತ್ತು ಮಾಲೀಕ. ಬರುವಾಗ ಎಮ್ಮೆ ಕಾರಿನಲ್ಲಿ ಹಿಡಿಸಲಿಲ್ಲ. ಹಗ್ಗ ಶಾಂತಿನಾಥನ ಕೈಗೆ ಬಂತು.

ಚಿಂಚಲಿ ದಾಟುತ್ತಲೇ, ರಾಯಬಾಗದ ಕಡೆಯ ತಿರುವಿನಲ್ಲಿ ಕಾರು ಧೂಳೆಬ್ಬಿಸಿ ಮುಂದೆ ಹೋಯಿತು. "ಎಡಕ್ಕ ಎಳಿ ಶಾಂತ್ಯಾ, ಎಡಕ್ಕ!" ಎಂದು ಬಾಬಾಸಾಹೇಬ ಕಿಟಕಿಯಿಂದ ಕೂಗಿದ.

ಶಾಂತಿನಾಥ ಹಗ್ಗವನ್ನು ಎಡಕ್ಕೆ ಎಳೆದ. ಎಮ್ಮೆ ಬಲಕ್ಕೆ ಹೊರಟಿತು.