ದೊಡ್ಡ ಎ, ಚಿಕ್ಕ ಎ ಮತ್ತು ಅತ್ತೆಯ ರವಿಕೆಗಳು

ಡೇಟಾಬೇಸ್ ಸರ್ವರ್ ಅಪ್‌ಗ್ರೇಡ್ ಮಾಡೋದು ಅಂದ್ರೆ ಏನ್ ಮಹಾ! ಹನ್ನೊಂದು ವಿಡಿಯೋ ನೋಡಿದೀನಿ. ಅದ್ರಲ್ಲಿ ನಾಲ್ಕನ್ನ ಪೂರ್ತಿ ನೋಡಿದೀನಿ. ಇಷ್ಟು ವಿದ್ಯೆ ಹೊತ್ಕೊಂಡು ವೈಜಾಗ್‌ನಲ್ಲಿ ರೈಲು ಹತ್ತಿ ವಿಜಯವಾಡದಲ್ಲಿ ಇಳಿದೆ.

ಅಲ್ಲಿನ ಒನ್ ಟೌನ್ ಪೇಟೇಲಿ ನಮ್ಮ ಸುಧಾ ಅತ್ತೇದು ರವಿಕೆ ಹೊಲಿಯೋ ಅಂಗಡಿ. ಗಿರಾಕಿಗಳ ಅಳತೆಯೆಲ್ಲ ಒಂದು ಹಳೇ ವಿಂಡೋಸ್ ಕಂಪ್ಯೂಟರಲ್ಲಿದೆ. ಅದರ ಪ್ರೋಗ್ರಾಂ ಬರೆದ ಮಹಾನುಭಾವನೂ ನಾನೇ. ಈಗ ಎಲ್ಲವನ್ನೂ ಹೊಸ ಲಿನಕ್ಸ್ ಕಂಪ್ಯೂಟರಿಗೆ ದಾಟಿಸ್ಬೇಕು.

"ಭಾನುವಾರ ಮದುವೆ ಇದೆ ಕಣೋ. ಒಂದೇ ಮನೇದು ಇಪ್ಪತ್ತೆರಡು ರವಿಕೆ, ಇವತ್ತೇ ಕತ್ತರಿಸ್ಬೇಕು. ಆಮೇಲೆ ಮಾಡಿದ್ರಾಗಲ್ವಾ?" ಅಂದ್ರು ಅತ್ತೆ.

"ಅರ್ಧ ಗಂಟೆ ಕೆಲ್ಸ ಅತ್ತೆ! ನೀವು ಸುಮ್ನೆ ಕೂತ್ಕೊಳ್ಳಿ."

ಬ್ಯಾಕಪ್ ತಗೊಂಡೆ. ಹೊಸದಕ್ಕೆ ಹಾಕ್ದೆ. 'ಸಕ್ಸಸ್' ಅಂತ ಬಂತು. ಅದೇ ಖುಷೀಲಿ ಹಳೇ ಕಂಪ್ಯೂಟರನ್ನ ಫಾರ್ಮ್ಯಾಟ್ ಮಾಡಿ ತೊಳೆದಿಟ್ಟೆ. ಹಾಗೆ ಮಾಡ್ಬಾರದು ಅಂತ ವಿಡಿಯೋದಲ್ಲಿ ಹೇಳಿದ್ರಂತೆ. ನಾನು ಪೂರ್ತಿ ನೋಡದ ಏಳರಲ್ಲಿ!

ಹೊಸದ್ರಲ್ಲಿ ಪ್ರೋಗ್ರಾಂ ತೆರೆದ್ರೆ, 'ಅಳತೆ ಅನ್ನೋ ಟೇಬಲ್ ಇಲ್ಲ' ಅಂತು. ಟೇಬಲ್ ಅಂದ್ರೆ ಡೇಟಾಬೇಸಲ್ಲಿ ಅಳತೆ ಬರೆದಿಡೋ ಪಟ್ಟಿ. ಇಲ್ವಾ? ಮಾಡಿದ್ರಾಯ್ತು! ಅದೇ ಹೆಸರಲ್ಲಿ ಹೊಸ ಟೇಬಲ್ ಮಾಡ್ದೆ. ತಕರಾರು ಮಾಯ. ನನ್ನ ಬೆನ್ನು ನಾನೇ ತಟ್ಕೊಂಡೆ.

ಕಟಿಂಗ್ ಮಾಸ್ಟರು ಕತ್ತರಿ ಹಿಡಿದು ಪ್ರಿಂಟ್ ಓದಿದ್ರು. ಎದೆ ಸೊನ್ನೆ. ಸೊಂಟ ಸೊನ್ನೆ. ತೋಳು ಸೊನ್ನೆ.

"ಗಾಲಿಕಿ ಜಾಕೆಟ್ ಕುಟ್ಟಾಲಾ ಬಾಬೂ?" ಅಂದ್ರು. ಗಾಳಿಗೆ ರವಿಕೆ ಹೊಲೀಬೇಕಾ ಅಂತ!

"ಹಳೇದ್ರಲ್ಲಿ ನೋಡೋ," ಅಂದ್ರು ಅತ್ತೆ.

"ಅದು... ಖಾಲಿ ಮಾಡ್ಬಿಟ್ಟೆ ಅತ್ತೆ."

ಅತ್ತೆ ಟೇಪನ್ನ ಕೊರಳಿಗೆ ಹಾಕ್ಕೊಂಡು ಮದುವೆ ಮನೆಗೆ ಫೋನ್ ಮಾಡಿದ್ರು. ಗಂಟೆಯೊಳಗೆ ಅಂಗಡಿ ತುಂಬಾ ಹೆಂಗಸರು. ಅಳತೆ ಶುರು. ನನ್ನನ್ನ ಹೊರಗಿನ ಮೆಟ್ಟಿಲಿಗೆ ಅಟ್ಟಿದ್ರು, ಲ್ಯಾಪ್‌ಟಾಪ್ ಸಮೇತ.

ಮೆಟ್ಟಿಲ ಮೇಲೆ ಜ್ಞಾನೋದಯ ಆಯ್ತು. ಅಳತೆ ಅನ್ನೋದನ್ನ ಪ್ರೋಗ್ರಾಂನಲ್ಲಿ ಇಂಗ್ಲಿಷಿನ ದೊಡ್ಡ ಎ ಹಾಕಿ ಬರೆದಿದ್ದೆ. ವಿಂಡೋಸ್ ಅದನ್ನ ಚಿಕ್ಕ ಎ ಮಾಡಿ ಇಟ್ಕೊಂಡಿತ್ತು. ವಿಂಡೋಸಿಗೆ ಎರಡೂ ಒಂದೇ. ಲಿನಕ್ಸಿಗೆ ಅಜಗಜಾಂತರ! ನನ್ನ ಹೊಸ ಟೇಬಲ್ ಖಾಲಿ. ಅಳತೆಯೆಲ್ಲ ಚಿಕ್ಕ ಎ ಒಳಗೆ ಹಾಯಾಗಿ ಕೂತಿತ್ತು.

"ಅತ್ತೇ, ಸಿಕ್ತು! ಅಳತೆಗೆ ದೊಡ್ಡ ಎ ಬೇರೆ, ಚಿಕ್ಕ ಎ ಬೇರೆ!"

"ಕನ್ನಡದಲ್ಲಿ ದೊಡ್ಡ ಅ, ಚಿಕ್ಕ ಅ ಅಂತ ಎಲ್ಲಾದ್ರೂ ಇದ್ಯೇನೋ? ಅ ಅಂದ್ರೆ ಅ!" ಒಳಗಿಂದ ಅತ್ತೆ ಕೂಗಿದ್ರು. "ಇರ್ಲಿ, ಪ್ರಿಂಟ್ ಕೊಡು."

ಹೆಮ್ಮೆಯಿಂದ ಕೊಟ್ಟೆ. ಅತ್ತೆ ಅದನ್ನ ಹೊಸ ಅಳತೆ ಪಕ್ಕ ಇಟ್ಟು ನೋಡಿದ್ರು. ಮದುಮಗಳ ತಾಯಿ ಈಗ ಎರಡಿಂಚು ಜಾಸ್ತಿ. ಚಿಕ್ಕಮ್ಮ ಮೂರು. ಮದುಮಗಳು ಒಂದೂವರೆ ಕಮ್ಮಿ. ಒಬ್ರದ್ದೂ ಹೊಂದಲಿಲ್ಲ!

"ಸದ್ಯ! ಇದನ್ನ ನಂಬಿ ಕತ್ತರಿಸಿದ್ರೆ ಮಂಟಪದಲ್ಲಿ ಅರ್ಧ ಜನಕ್ಕೆ ಹುಕ್ಕೇ ಹಾಕಕ್ಕಾಗ್ತಿರ್ಲಿಲ್ಲ," ಅಂತ ಅತ್ತೆ ಪ್ರಿಂಟನ್ನ ಮಡಚಿ ಅದ್ರಲ್ಲೇ ಕೈಯ ಸೀಮೆಸುಣ್ಣ ಒರೆಸ್ಕೊಂಡ್ರು.

ಒಂದು ಅಕ್ಷರ ಕಳೀದೆ, ಒಂದು ಅಂಕಿ ತಪ್ಪದೆ, ಇಡೀ ಡೇಟಾಬೇಸನ್ನ ನಾನು ಅತ್ಯಂತ ಸುರಕ್ಷಿತವಾಗಿ ದಾಟಿಸಿದ್ದೆ. ಯಾರಿಗೂ ಬೇಡದ್ದನ್ನ!