ಬಾಲಕ್ಕೆ ಕಟ್ಟಿದ ನಿಂಬೆಹಣ್ಣು

ಅನರ್ಥಕ್ಕೆಲ್ಲ ಮೂಲವಾದದ್ದು ಒಂದು ನಿಂಬೆಹಣ್ಣು. ಅದೂ ರಸ ತುಂಬಿದ, ಮೈತುಂಬ ಕುಂಕುಮ ಬಳಿದ ನಿಂಬೆಹಣ್ಣು.

ಬಂಗಾರಪೇಟೆಯ ಪಕ್ಕದ ಹಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷಿಸುವ ಸುಧಾಕರ್, ನೀರು ಬೆರೆಸಿ ತಂದವನು ಸ್ವಂತ ಮಾವನಾದರೂ ಹಿಂದಕ್ಕೆ ಕಳುಹಿಸುವ ಸತ್ಯವಂತ. ಎಂಟು ತಿಂಗಳಿಂದ ಅವನಿಗೆ ರಿಮೋಟ್ ವಿಮಾನದ ಗೀಳು ಹಿಡಿದಿತ್ತು. ನಾಲ್ಕೂವರೆ ಅಡಿ ರೆಕ್ಕೆಯ ಆ ಹಗುರ ವಿಮಾನ ಮನೆಯ ಒಂದೇ ಮಂಚದ ಮೇಲೆ ಬಾಣಂತಿಯಂತೆ ಮಲಗಿರುತ್ತಿತ್ತು. ಗಂಡ ಹೆಂಡಿರು ನೆಲದ ಮೇಲೆ.

“ಇವತ್ತು ಕಪ್ ತಂದ್ರೆ ಅದು ಮಂಚದ ಮ್ಯಾಲೆ. ಇಲ್ಲಾಂದ್ರೆ ಕೊಟ್ಟಿಗೆ ಅಟ್ಟದ ಮ್ಯಾಲೆ,” ಎಂದು ಹೆಂಡತಿ ಪುಷ್ಪ ವಿಮಾನ ಸ್ಪರ್ಧೆಯಿದ್ದ ಭಾನುವಾರ ಬೆಳಗ್ಗೆಯೇ ತೀರ್ಪು ಕೊಟ್ಟಳು.

“ಒಸಬರ ವಿಭಾಗ ಕಣೇ. ಇರೋರೇ ನಾಕು ಜನ. ಒಂದು ಸುತ್ತು, ಒಂದು ಉರುಳು, ತಲೆಕೆಳಗಾಗಿ ಒಂದು ಓಟ. ಕಪ್ ಇಡಾಕೆ ಗೂಡು ಖಾಲಿ ಮಾಡಿರು!”

ಇದು ಬಡಾಯಿಯಲ್ಲ. ಆ ಮೂರು ಪಟ್ಟುಗಳನ್ನು ಅವನು ಕೆರೆಯಂಗಳದಲ್ಲಿ ದಿನವೂ ಸಾಧಿಸಿದ್ದ. ಹೊರಡುವ ಮುನ್ನ ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ವಿಮಾನವನ್ನು ತೂಗಿಯೂ ನೋಡಿದ. ಅದು ಎತ್ತಲೂ ವಾಲಲಿಲ್ಲ. ಇಂಥ ವಿಮಾನದ ನಡತೆಯೆಲ್ಲ ಇರುವುದು ಆ ಸಮತೋಲದಲ್ಲಿ. ಬಾಲ ಒಂದಿಷ್ಟು ಭಾರವಾದರೂ ಅದು ಲಗಾಮು ಹರಿದ ಕುದುರೆ.

ಸ್ಪರ್ಧೆ ಇದ್ದದ್ದು ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ಮಗ್ಗುಲಿನ ಮೈದಾನದಲ್ಲಿ. ಕರೆಯದಿದ್ದರೂ, ಅವನು ‘ಅತ್ತೆ’ ಎನ್ನುವ ಪಕ್ಕದ ಮನೆಯ ಮುತ್ಯಾಲಮ್ಮ ಅವನ ಜತೆ ಆಟೋ ಹತ್ತಿದ್ದಳು. ಬೀದಿಯ ಯಾವ ಹೊಸ ಸ್ಕೂಟರೂ, ಯಾವ ಬೋರ್‌ವೆಲ್ ಮೋಟರೂ ಅವಳ ಕೈಯ ಪೂಜೆ ತಪ್ಪಿಸಿಕೊಂಡದ್ದಿಲ್ಲ.

ಹೆಸರು ಬರೆಸಲು ಹೋದ ಸುಧಾಕರ್, ಅಲ್ಲಿದ್ದ ಹೊಸಬರಿಗೆ ಸಮತೋಲದ ಮಹತ್ವವನ್ನು ಕಾಲು ಗಂಟೆ ಬೋಧಿಸುತ್ತ ನಿಂತ. ಉಪದೇಶ ಮಾಡುವವನು ಆಗಾಗ ತನ್ನ ಬೆನ್ನ ಹಿಂದೆಯೂ ನೋಡಿಕೊಳ್ಳಬೇಕು. ಅವನು ನೋಡಲಿಲ್ಲ. ಅಷ್ಟರಲ್ಲಿ ಮುತ್ಯಾಲಮ್ಮ ನಿಂಬೆಹಣ್ಣಿಗೆ ನಾಲ್ಕು ಮೆಣಸಿನಕಾಯಿ ಪೋಣಿಸಿ, ಕರಿದಾರದಿಂದ ವಿಮಾನದ ಬಾಲದಡಿಗೆ ಬಿಗಿದಿದ್ದಳು.

ಹೆಸರು ಕೂಗಿದ್ದೇ ಸುಧಾಕರ್ ಓಡಿಬಂದು, ಬಾಲದ ಕಡೆ ನೋಡದೆ ರಿಮೋಟ್ ಹಿಡಿದ. ವಿಮಾನ ನೆಲ ಬಿಟ್ಟಿತು. ಬಿಟ್ಟಿದ್ದೇ ತಡ, ಮೂಗೆತ್ತಿ ನೇರ ಆಕಾಶಕ್ಕೆ ನೆಗೆಯಿತು. ಸುಧಾಕರ್ ಗಾಬರಿಯಿಂದ ರಿಮೋಟಿನ ಕಡ್ಡಿ ತಳ್ಳಿದ. ಅದು ಮೂರು ಪಲ್ಟಿ ಹೊಡೆದು, ಗರುಡಗಂಬದಂತೆ ಬಾಲದ ಮೇಲೆ ನಿಂತು, ಗಾಳಿಯಲ್ಲಿ ತೂಗಾಡಿತು. ಮತ್ತೆ ಎಳೆದ. ತರಗೆಲೆಯಂತೆ ಗಿರಗಿರನೆ ಸುತ್ತುತ್ತ ಇಳಿದು, ತಲೆಕೆಳಗಾಗಿ ತೀರ್ಪುಗಾರರ ಶಾಮಿಯಾನವನ್ನು ಸವರಿಕೊಂಡು ಹೋಯಿತು.

“ಅಯ್ಯಯ್ಯೋ, ಸೂಪರ್ ಪಾ!” ಎಂದು ಜನ ಶಿಳ್ಳೆ ಹೊಡೆದರು.

ಆ ಕ್ಷಣದಲ್ಲಿ ದಾರ ಹರಿದು ಹಣ್ಣು ಬಿತ್ತು. ವಿಮಾನ ಸಾಧು ಹಸುವಿನಂತೆ ತಾನಾಗಿ ಇಳಿದು ಅವನ ಕಾಲ ಬಳಿ ನಿಂತಿತು.

ತೀರ್ಪುಗಾರ ಕೋದಂಡಪ್ಪ ಮೇಷ್ಟ್ರು ಕನ್ನಡಕ ತೆಗೆದರು. “ಬಾಲದ ಮೇಲೆ ನಿಲ್ಲಿಸೋದಕ್ಕೆ ನನಗೇ ಆರು ವರ್ಷ ಹಿಡೀತು ಕಣ್ರೀ. ಹೊಸಬ ಅಂತ ಹೆಸರು ಬರೆಸಿ, ಪಾಪದವರ ಕಪ್ ಹೊಡ್ಕೊಂಡು ಹೋಗೋಣ ಅಂತ ಬಂದ್ರಾ?”

“ಸಾರ್, ನಾನೇನೂ ಮಾಡ್ಲಿಲ್ಲ ಸಾರ್! ಅದೇ ಮಾಡ್ತು!”

“ಅವನೇನು ಮಾಡ್ತಾನೆ ಸ್ವಾಮಿ? ಎಲ್ಲಾ ನಾನು ಬಾಲಕ್ಕೆ ಕಟ್ಟಿದ ನಿಂಬೆಅಣ್ಣಿನ ಮಹಿಮೆ,” ಎಂದಳು ಮುತ್ಯಾಲಮ್ಮ ಹೆಮ್ಮೆಯಿಂದ.

ಸುಧಾಕರನಿಗೆ ಎಲ್ಲವೂ ಹೊಳೆಯಿತು. “ನೋಡಿ ಸಾರ್, ಬಾಲ ಭಾರ ಆಗಿತ್ತು! ಅತ್ತೆ, ಎಲ್ಲಿ ಆ ಅಣ್ಣು? ತೋರ್ಸು!”

“ದೃಷ್ಟಿ ಇಳಿದ ಅಣ್ಣು ಯಾರಾನಾ ಇಟ್ಕೋತಾರೇನ್ಲಾ? ಬಿದ್ದೇಟಿಗೇ ಎತ್ಕೊಂಡೋಗಿ ಮೂರು ದಾರಿ ಕೂಡೋ ತಾವ ಬಿಸಾಕ್ದೆ. ಆಗ್ಲೇ ಒಂದು ಆಟೋ ಅರೆದಾಕ್ತು. ಶುಭ!”

ಹಾಲಿನಲ್ಲಿ ನೀರನ್ನು ಒಂದು ದಿನವೂ ಸಹಿಸದವನ ಬಾಯ ಸತ್ಯಕ್ಕೆ, ಆಟೋ ಚಕ್ರಕ್ಕೆ ಮೆತ್ತಿದ ಸಿಪ್ಪೆಯೊಂದೇ ಸಾಕ್ಷಿಯಾಗಿ ಉಳಿಯಿತು. ಅದೂ ಆಂಡರ್ಸನ್‌ಪೇಟೆಯ ಕಡೆ ಉರುಳಿ ಹೋಗಿತ್ತು. ಲೋಕವು ಸುಳ್ಳನ್ನು ನಂಬುವ ವೇಗ ಅದೆಷ್ಟು!

ಮೇಷ್ಟ್ರು ತೀರ್ಪು ಬರೆದರು: ಹೊಸಬರ ವಿಭಾಗದಿಂದ ಹೆಸರು ರದ್ದು. ಇನ್ನು ಮುಂದೆ ಪಳಗಿದವರ ವಿಭಾಗ. ಒಮ್ಮೆ ಮೇಲೇರಿದವನು ಕೆಳಗಿಳಿಯುವಂತಿಲ್ಲ. ಮೊಟ್ಟೆಯಾಕಾರದ ಒಂದೇ ಒಂದು ಸುತ್ತು ಹೊಡೆದ ಟೈಲರ್ ಕಲಾ ಕಪ್ ಎತ್ತಿಕೊಂಡಳು.

ಬರಿಗೈಯಲ್ಲಿ ಮನೆಗೆ ಬಂದ ಸುಧಾಕರ್ ತಲೆ ತಗ್ಗಿಸಿ ನಿಂತ. ಆದರೆ ಮುತ್ಯಾಲಮ್ಮ ಅವನಿಗಿಂತ ಮೊದಲೇ ಬೀದಿಗೆಲ್ಲ ಸುದ್ದಿ ಹಂಚಿದ್ದಳು.

“ಒಂದೇ ದಿನಕ್ಕೆ ದೊಡ್ಡೋರ ಜತೆ ಸೇರ್ಸವ್ರಂತೆ!” ಪುಷ್ಪಳ ಕಣ್ಣು ಅರಳಿತ್ತು. “ಕಪ್ ಓದ್ರೆ ಓಗ್ಲಿ. ನಿಮ್ಮ ಇಮಾನ ಮಂಚದ ಮ್ಯಾಲೇ ಇರ್ಲಿ.”

ಸುಧಾಕರ್ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಮುತ್ಯಾಲಮ್ಮ ಏದುಸಿರು ಬಿಡುತ್ತ ಕಾಣಿಸಿಕೊಂಡಳು. ಅವಳ ಸೊಂಟದ ಮೇಲೆ ಆರು ಕಿಲೋ ತೂಗುವ ಬೂದುಗುಂಬಳಕಾಯಿ.

“ದೊಡ್ಡೋರ ಪೈಪೋಟಿಗೆ ನಿಂಬೆಅಣ್ಣು ಸಾಲಾಕಿಲ್ಲ ಕಣಪ್ಪಾ. ಮುಂದಿನ ಸಲಕ್ಕೆ ಇದನ್ನ ಕಟ್ತೀನಿ.”

ಸುಧಾಕರ್ ವಿಮಾನ ಎತ್ತಿಕೊಂಡ. ಕೊಟ್ಟಿಗೆಗೆ ನಡೆದು, ತನ್ನ ಕೈಯಾರೆ ಅಟ್ಟಕ್ಕೆ ಏಣಿ ಹಾಕಿದ.