ಹಿಂದಿನ ಟರ್ಬೊ, ಮುಂದಿನ ಕಾಕೂ

ರಾಣೆಬೆನ್ನೂರಿನಲ್ಲಿ ನಮ್ಮದೊಂದು ಗ್ಯಾರೇಜು. ರಿಪೇರಿ ಮನೆಯವರದು, ಫೋನು, ಚಹಾ, ಸಮಾಧಾನ ಹೇಳುವುದು ಫಿಸಿಕ್ಸ್ ಓದಿದ ನನ್ನದು. ಕೆಟ್ಟ ಲಾರಿ ಒಂದೊಂದು ದಿನ ಬರುವುದಿಲ್ಲ. ನಗೆಪಾಟಲು ಮಾತ್ರ ಇಲ್ಲಿಯವರೆಗೆ ಒಂದು ದಿನವೂ ರಜೆ ಹಾಕಿಲ್ಲ.

ಜಾಗದ ಪ್ರಶ್ನೆ

ಮೇಡ್ಲೇರಿಯ ಕಾಕಾ ಒಬ್ಬರು ತಮ್ಮ ಹಳೇ ಲಾರಿಗೆ ಹಚ್ಚಲು ಸೆಕೆಂಡ್‌ಹ್ಯಾಂಡ್ ಟರ್ಬೊ ತಂದರು, ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು. ಎಂಜಿನ್ನಿಗೆ ಜೋರಾಗಿ ಗಾಳಿ ಊದಿ ತಾಕತ್ತು ಕೊಡುವ ಯಂತ್ರ ಅದು. ಬೆನ್ನಿಗೇ ಅವರ ಹೆಂಡತಿ ಕಾಕೂ ಬಂದರು. ಟರ್ಬೊ ಯಾಕೆ ಅಂತ ಕಾಕೂನೇ ಹೇಳಿದರು: ಪ್ರತಿ ವಾರ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೊರಟರೆ, ಮೋಟೆಬೆನ್ನೂರಿನ ಹತ್ತಿರದ ಏರಿನಲ್ಲಿ ಕಾಕೂನ ತಮ್ಮನ ಟ್ರ್ಯಾಕ್ಟರ್ ಇವರನ್ನು ದಾಟಿ ಹೋಗುತ್ತದೆ. ದಾಟುವಾಗ ಅವನು ಕೂಗುತ್ತಾನೆ: "ಅಕ್ಕಾ, ಇಳದು ನಡಕೊಂತ ಬಾ, ಲಗೂ ಮುಟ್ಟತಿ."

"ಈ ಸಲಾನೂ ಅಂವ ಮುಂದ ಹೋದ್ರ ಲಾರಿ ಗುಜರಿಗೆ," ಅಂತ ಕಾಕೂ ತೀರ್ಪು ಕೊಟ್ಟರು. ಕಾಕಾ ಟವೆಲನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.

ಟರ್ಬೊ ಎಂಜಿನ್ ಪಕ್ಕ ಕೂರಬೇಕು ಅಂದರು ನಮ್ಮ ಮನೆಯವರು. ಆದರೆ ಕ್ಯಾಬಿನ್ನಿನೊಳಗೆ ಎಂಜಿನ್ ಮೇಲಿನ ಮುಚ್ಚಳವೇ ಕಾಕೂ ಸೀಟು. ಕಂಬಳಿ ಮಡಚಿ ಹಾಸಿದ್ದಾರೆ. ಅಲ್ಲಿ ಕಾವು ಹೆಚ್ಚುತ್ತದೆ ಅಂದದ್ದೇ ತಡ, "ಹಂಗಾರ ನಾ ಇಳೀತೀನಿ. ಏರಿನ್ಯಾಗ ಇವ್ರನ್ನ ಬೈಯಾಕ ನೀವು ಬರ್ತೀರೇನ್ರಿ?" ಅಂದರು.

ಟರ್ಬೊ ಹಿಂದೆ ಹೋಯಿತು: ಸೈಲೆನ್ಸರ್ ಕೊನೆಗೆ, ಮಾಲು ಹೇರುವ ಹಲಗೆಗಳ ಕೆಳಗೆ. ಅಲ್ಲಿಂದ ಮುಂದಕ್ಕೆ ಉದ್ದನೆಯ ಗಾಳಿ ಪೈಪು. ಮನೆಯಲ್ಲಿ ಕುರ್ಚಿ ಸರಿಸಲೂ ನನ್ನ ಮಾತು ಕೇಳದವರು, ಕಾಕೂನ ಒಂದು ಮಾತಿಗೆ ಲಾರಿಯ ಹೊಟ್ಟೆಯನ್ನೇ ಬಾಲಕ್ಕೆ ಸಾಗಿಸಿದರು.

ಆರತಿ

ಹೊಸ ಸಾಮಾನು ಹಿಂದಿದೆ, ಆದ್ದರಿಂದ ಪೂಜೆಯೂ ಹಿಂದೆಯೇ ಅಂತಾಯಿತು. ಕಾಕೂ ಬಗ್ಗಿ ಟರ್ಬೊಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಉತ್ಸಾಹ ತಡೆಯದೆ ಕಾಕಾ ಗಾಡಿ ಚಾಲೂ ಮಾಡಿ ಆಕ್ಸಿಲೇಟರ್ ಒತ್ತಿದರು. ಎಮ್ಮೆ ಮೇವು ಎಳೆದ ಹಾಗೆ ಟರ್ಬೊ ಅರ್ಧ ಮಾಲೆ ಎಳೆದುಕೊಂಡಿತು. ಮನೆಯವರು ಓಡಿ ಬಂದ್ ಮಾಡಿಸಿ, ಮಧ್ಯಾಹ್ನದವರೆಗೂ ಚಿಮಟದಿಂದ ಎಸಳು ಆರಿಸಿದರು.

ಕಾಕೂಗೆ ಮಾತ್ರ ಭಕ್ತಿ ಉಕ್ಕಿತು. "ಬ್ಯಾರೆ ದೇವ್ರು ಹೂವ ಕೊಡತಾವ. ಇದು ತಗೊಂತೈತಿ ನೋಡ್ರಿ."

ಸೀಟಿ

ಟರ್ಬೊ ಅಂದರೆ ಸೀಟಿ ಹೊಡೆಯಬೇಕು ಅಂತ ಕಾಕಾನ ನಂಬಿಕೆ. ಅದು ಹಿಂದೆ, ಇವರು ಮುಂದೆ, ಕೇಳುವುದು ಹೇಗೆ? ಹಲಗೇರಿ ರಸ್ತೆಯ ಟ್ರಯಲ್ಲಿಗೆ ನನ್ನನ್ನು ಖಾಲಿ ಲಾರಿಯ ಹಿಂದೆ ಕೂರಿಸಿದರು. ನನ್ನ ಕೆಲಸ, ಹಲಗೆಯ ಸಂದಿಗೆ ಫೋನ್ ಹಿಡಿದು ಕಾಕೂನ ಫೋನಿಗೆ ಸೀಟಿ ಕಳಿಸುವುದು. ವಾಪಸ್ ಬರುವಾಗ ನನ್ನ ಕೂದಲು ದಿಕ್ಕಿಗೊಂದಾಗಿ ನಿಂತಿತ್ತು. ಹೆಂಗೈತಿ ಅಂತ ಮನೆಯವರು ಕೇಳಿದರು.

"ಸೀಟಿ ಭಾರಿ ಐತ್ರಿ," ಅಂದೆ. "ಆದ್ರ ಹಲಗೇರಿಯಾಗ ಆಕ್ಸಿಲೇಟರ್ ಒತ್ತಿದ್ರ, ತಾಕತ್ತು ನಮ್ಮ ಗ್ಯಾರೇಜಿಗೆ ಬಂದ ಮ್ಯಾಲೆ ಹತ್ತಾಕತ್ತೈತಿ."

ಏರು

ಬ್ಯಾಡಗಿ ಪೇಟೆಯ ದಿನ, ಮೆಣಸಿನ ಚೀಲ ಹೇರಿದ ಲಾರಿಗೆ ನಾನೂ ಹತ್ತಿದೆ. ಮನೆಗೆ ವರ್ಷದ ಮೆಣಸಿನಕಾಯಿ ತರಬೇಕಿತ್ತು. ಮೋಟೆಬೆನ್ನೂರಿನ ಏರು ಬಂತು. ಕನ್ನಡಿಯಲ್ಲಿ ಕಾಕೂನ ತಮ್ಮನ ಟ್ರ್ಯಾಕ್ಟರ್ ದೊಡ್ಡದಾಗುತ್ತಾ ಬಂತು. ಕಾಕಾ ಆಕ್ಸಿಲೇಟರ್ ಮೇಲೆ ನಿಂತೇಬಿಟ್ಟರು. ಲಾರಿ ಮಾತ್ರ ಹಳೇ ನಡಿಗೆಯಲ್ಲೇ ಏದುಸಿರು ಬಿಡುತ್ತಿತ್ತು. ಕಾಕೂ ಕೈಕಟ್ಟಿ ಕೂತರು. ಗುಜರಿಯವನ ಮುಖ ಅವರ ಕಣ್ಣಮುಂದೆ ಬಂದಿರಬೇಕು.

ಅಷ್ಟರಲ್ಲಿ ಟ್ರ್ಯಾಕ್ಟರ್ ಹಿಂದೆ ಬಿತ್ತು. ಆಮೇಲೆ ನಿಂತೇಹೋಯಿತು. ಅದರ ಹಿಂದಿನ ಬಸ್ಸೂ ನಿಂತಿತು. ಬೈಕಿನವನೊಬ್ಬ ಗಾಡಿ ಬಿಟ್ಟು ಹೊಲಕ್ಕೆ ಇಳಿದ.

"ಹತ್ತಿತು," ಅಂದರು ಕಾಕಾ, ಕಣ್ತುಂಬಿ. ಬ್ಯಾಡಗಿಯವರೆಗೆ ಒಂದು ಗಾಡಿಯೂ ನಮ್ಮನ್ನು ದಾಟಲಿಲ್ಲ.

ಪೇಟೆಯಲ್ಲಿ ಇಳಿದಾಗಲೇ ಗೊತ್ತಾದದ್ದು. ಹರಿದ ಚೀಲದೊಂದರಿಂದ ಮೆಣಸಿನಕಾಯಿ ಹಲಗೆಯ ಸಂದಿಯಲ್ಲಿ ಉದುರಿ, ನಿಗಿನಿಗಿ ಕಾದ ಟರ್ಬೊ ಮೇಲೆ ದಾರಿಯುದ್ದಕ್ಕೂ ಹುರಿದುಹೋಗಿದೆ. ಘಾಟೆಲ್ಲ ಹಿಂದಿನವರ ಪಾಲು. ಮೆಣಸಿನ ಧೂಳಲ್ಲೇ ಬದುಕುವ ಬ್ಯಾಡಗಿಯ ಹಮಾಲರೂ ಟವೆಲಿನಿಂದ ಮೂಗು ಮುಚ್ಚಿಕೊಂಡರು.

ಅರ್ಧ ಗಂಟೆ ಬಿಟ್ಟು ತಮ್ಮ ಬಂದ. ಕಣ್ಣು ಕೆಂಡ, ಮೂಗು ಹೊಳೆ. ಕಾಕೂ ಸೆರಗಿನಿಂದ ಅವನ ಕಣ್ಣೊರೆಸಿ, ಬೆನ್ನು ಸವರಿದರು.

"ಅಳಬ್ಯಾಡೋ ತಮ್ಮಾ. ಮುಂದಿನ ವಾರ ಇಳದು ನಡಕೊಂತ ಬಾ, ಲಗೂ ಮುಟ್ಟತಿ."